ಕೆಂಪು ಗೀಟಿನ ಹುಡುಗ

ಟಪ್ ಎಂದು ಹೊರಗಿನಿಂದ ಚಿಲಕ ಬಿತ್ತು.

ಆಮೇಲೆ ಏಳೆಂಟು ಜನರ ನಗು. ಆಮೇಲೆ ಬಸ್ ಡಿಪೋದ ಶೆಡ್ಡಿನ ಕಡೆ ಓಡಿದ ಬೂಟುಗಳ ಸದ್ದು.

ಒಳಗೆ ಇಬ್ಬರೇ. ಆ ಪುಟ್ಟ ಚಿಕಿತ್ಸಾ ಕೋಣೆಯಲ್ಲಿ ಬಿಳಿ ಕೋಟು ತೊಟ್ಟು, ಕೈಯಲ್ಲಿ ಹತ್ತಿ ಹಿಡಿದು ನಿಂತ ನರ್ಸ್ ಒಬ್ಬಳು. ಮೊಣಕೈವರೆಗೆ ಗ್ರೀಸ್ ಮೆತ್ತಿಕೊಂಡ ಮೆಕ್ಯಾನಿಕ್ ಒಬ್ಬ. ಸ್ನೇಹಿತರು ತಳ್ಳಿದ ರಭಸಕ್ಕೆ ಅವನು ಬಂದು ನಿಂತಿದ್ದು ತೂಕದ ಯಂತ್ರದ ಮೇಲೆ. ಅದರ ಮುಳ್ಳು ಎಪ್ಪತ್ತೊಂದರ ಹತ್ತಿರ ನಡುಗುತ್ತಿತ್ತು.

"ಇಳೀರಿ ಅದರ ಮೇಲಿಂದ," ಎಂದಳು ಅವಳು.

ಇಳಿದ. ಬಾಗಿಲು ತಳ್ಳಿ ನೋಡಿದ, ಕದಲಲಿಲ್ಲ. ಕಿಟಕಿಯ ಕಡೆ ನೋಡಿದ. ಅಲ್ಲೂ ದಾರಿ ಇರಲಿಲ್ಲ. ಕಿಟಕಿಯಿಂದ ಒಂದು ಗೇಣು ದೂರದಲ್ಲಿ ಕೆಟ್ಟು ನಿಂತ ಬಸ್ಸೊಂದು ಗೋಡೆಯ ಹಾಗೆ ಅಡ್ಡ ನಿಂತಿತ್ತು.

"ನನ್ನ ತಪ್ಪಲ್ಲ. ಬ್ಯಾಟರಿ ತಳ್ಳಿದ್ದು."

"ಬ್ಯಾಟರಿ ಹೇಗ್ರೀ ತಳ್ಳುತ್ತೆ?"

"ಬ್ಯಾಟರಿ ಅಂದ್ರೆ ಮನುಷ್ಯ. ಬ್ಯಾಟರಿ ಕೆಲಸದವನು. ನಾನು ಬ್ರೇಕ್."

ಅವಳಿಗೆ ನಗು ಬಂತು. ಬಂದ ನಗುವನ್ನು ಕೆಮ್ಮಿನ ಹಾಗೆ ಮಾಡಿ ಅಡಗಿಸಿಕೊಂಡಳು. ಆ ಬಸ್ ಡಿಪೋದಲ್ಲಿ ತಾಯಿ ಇಟ್ಟ ಹೆಸರಿನಿಂದ ಯಾರನ್ನೂ ಯಾರೂ ಕರೆಯುತ್ತಿರಲಿಲ್ಲ. ಮಾಡುವ ಕೆಲಸವೇ ಹೆಸರು. ಟೈರಿನವನು ಟೈರ್, ತೊಳೆಯುವವನು ನೀರು. ಗಾಡಿಗಳನ್ನು ಪರೀಕ್ಷೆ ಮಾಡುವ ಫೋರ್‌ಮನ್ ಜೇಬಿನಲ್ಲಿ ಸದಾ ಕೆಂಪು ಸೀಮೆಸುಣ್ಣ ಇರುತ್ತಿದ್ದುದರಿಂದ ಬೆನ್ನ ಹಿಂದೆ ಅವನ ಹೆಸರು ಸೀಮೆಸುಣ್ಣ. ಅವಳ ಹೆಸರು ಸಿಸ್ಟರ್. ಅದು ಎರಡು ಪಟ್ಟು ಸಿಸ್ಟರ್. ನರ್ಸ್ ಆದ್ದರಿಂದ ಒಂದು, ಫೋರ್‌ಮನ್‌ನ ಸ್ವಂತ ತಂಗಿ ಆದ್ದರಿಂದ ಇನ್ನೊಂದು. ಮೂರು ವಾರದ ಹಿಂದೆ ಅವಳು ಕೆಲಸಕ್ಕೆ ಸೇರಿದ ದಿನ ಅಣ್ಣ ಇಡೀ ಶೆಡ್ಡನ್ನು ಸಾಲಾಗಿ ನಿಲ್ಲಿಸಿ, "ಇವಳು ಎಲ್ಲರಿಗೂ ಸಿಸ್ಟರ್. ಅರ್ಥ ಆಯ್ತಾ?" ಎಂದಿದ್ದ. ಎಲ್ಲರಿಗೂ ಚೆನ್ನಾಗಿ ಅರ್ಥವಾಗಿತ್ತು.

ಈಗ ಅವಳ ಕೋಪಕ್ಕೆ ಕಾರಣವಿತ್ತು. ಇಪ್ಪತ್ತಾರು ತುಂಬದ ಅರವತ್ಮೂರು ಹುಡುಗರಿಗೆ ಎಚ್‌ಪಿವಿ ಲಸಿಕೆ ಹಾಕಬೇಕೆಂದು ಮೇಲಿನಿಂದ ಪೆಟ್ಟಿಗೆ ಬಂದು ಮೂರು ದಿನವಾಗಿತ್ತು. ಒತ್ತಾಯವಿಲ್ಲ, ಬಂದವರಿಗೆ ಮಾತ್ರ. ಬಂದವರು ಯಾರೂ ಇಲ್ಲ. ಅದು ಹೆಂಗಸರ ಸೂಜಿ ಅಂತ ಒಬ್ಬ. ಹಾಕಿಸಿಕೊಂಡರೆ ಗಂಡಸುತನ ಹೋಗುತ್ತದೆ ಅಂತ ಇನ್ನೊಬ್ಬ. ಕೆಟ್ಟ ಕಡೆ ಹೋಗುವವರಿಗೆ ತಾನೇ ಆ ರೋಗ, ನಮಗ್ಯಾಕೆ ಅಂತ ಎಲ್ಲರೂ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತದೆಂದು ಒಬ್ಬನೂ ಆ ಬಾಗಿಲ ಹತ್ತಿರ ಸುಳಿದಿರಲಿಲ್ಲ. ಕೊನೆಗೆ ಇವನನ್ನು ತಳ್ಳಿದ್ದರು, ಪರೀಕ್ಷೆಗೆ.

"ನಿಜವಾಗ್ಲೂ ಏನಿದು?" ಎಂದು ಅವನು ಕೇಳಿದ.

ಮೂರು ದಿನದಿಂದ ಬಾಯಿಪಾಠ ಮಾಡಿಟ್ಟ ಭಾಷಣ ಅವಳ ಹತ್ತಿರವಿತ್ತು. ಕೇಳುವವನು ಸಿಕ್ಕಿದ್ದ, ಎದ್ದುಹೋಗಲಾರದ ಕೇಳುಗ. ಅವಳು ತಡವರಿಸದೆ ಹೇಳಿದಳು. ಗಂಡು ಹೆಣ್ಣು ಕೂಡುವುದರಿಂದ ದಾಟುವ ವೈರಸ್ಸು. ಒಳ್ಳೆಯವರು ಕೆಟ್ಟವರು ಅಂತ ನೋಡುವುದಿಲ್ಲ. ಗಂಡಸಿನ ಮೈಯಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಕೂತಿರಬಹುದು, ಅವನಿಗೇ ಗೊತ್ತಿರುವುದಿಲ್ಲ. ಹೆಂಗಸಿಗೆ ದಾಟಿದರೆ ಕೆಲವರಿಗೆ ಮುಂದೆ ಗರ್ಭಕೊರಳಿನ ಕ್ಯಾನ್ಸರ್. ಗಂಡಸಿಗೂ ಗಂಟಲಿನದ್ದು, ಬೇರೆ ಕಡೆಯದ್ದು ಬರಬಹುದು. ಮೂರು ಸೂಜಿ: ಇವತ್ತು, ಎರಡು ತಿಂಗಳಿಗೆ, ಆರು ತಿಂಗಳಿಗೆ.

ಅವನು ಕೈಯಲ್ಲಿದ್ದ ಗ್ರೀಸ್ ಒರೆಸುವ ಹತ್ತಿನೂಲಿನ ಮುದ್ದೆಯಿಂದ ಬೆರಳು ಒರೆಸುತ್ತ ಯೋಚಿಸಿದ.

"ಅಂದ್ರೆ ನನಗೆ ಮಾತ್ರ ಅಲ್ಲ. ಮುಂದೆ ನನ್ನ ಜೊತೆ ಬರೋಳಿಗೂ."

"ಹೌದು."

"ಬ್ರೇಕೂ ಹಾಗೇ ರೀ. ಎಲ್ಲ ಡ್ರೈವರಿಗೆ ಅಂದ್ಕೊಂಡಿರ್ತಾರೆ. ಅದಿರೋದು ಅಡ್ಡ ಬರೋರಿಗೆ." ಅಂಗಿಯ ತೋಳು ಮಡಚಿದ. "ಹಾಕಿ."

ಅವಳು ಅವನ ಮುಖ ನೋಡಿದಳು. ಅಣಕ ಇರಲಿಲ್ಲ. ಮೂರು ದಿನದಲ್ಲಿ ಇದೇ ಮೊದಲು ಒಬ್ಬ ಗಂಡಸು ಆ ಮಾತನ್ನು ನಗದೆ ಕೇಳಿದ್ದು.

ಬಸ್ಸಿನ ಕೆಳಗೆ ಮಲಗಿ ಚಕ್ರ ಕಳಚುವ ಧೀರ ಸೂಜಿ ಕಂಡೊಡನೆ ಕಣ್ಣು ಮುಚ್ಚಿ, ಬೆಂಚಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡ. "ಆಯ್ತಾ?" ಎಂದ. ಇನ್ನೂ ಸ್ಪಿರಿಟ್ ಹಚ್ಚಿದ್ದು ಮಾತ್ರ ಎಂದಳು. ಈ ಸಲ ನಗು ತಡೆಯಲಾಗಲಿಲ್ಲ.

ಹಾಕಿಸಿಕೊಂಡವರು ಹದಿನೈದು ನಿಮಿಷ ಕೂರಬೇಕೆನ್ನುವುದು ನಿಯಮ. ಕೂತರು. ಇಷ್ಟು ಕತ್ತಲೆಯಲ್ಲಿ ಹೇಗೆ ಕೆಲಸ ಮಾಡುತ್ತೀರಿ ಎಂದು ಕೇಳಿದ. ಕಿಟಕಿಗೆ ಅಡ್ಡ ನಿಂತಿದ್ದು ನಲವತ್ತೆರಡನೇ ನಂಬರಿನ ಬಸ್ಸು, ಅದಕ್ಕೆ ಬೇಕಾದ ಹೊಸ ಬ್ರೇಕ್ ಡ್ರಮ್ಮು ಇನ್ನೂ ಬಂದಿಲ್ಲ, ಬಂದ ದಿನ ತಾನೇ ಅದನ್ನು ಎಬ್ಬಿಸಿ ಬೆಳಕು ಬಿಡಿಸಿಕೊಡುತ್ತೇನೆ ಎಂದ.

ಆಗ ಚಿಲಕ ತೆರೆಯಿತು. ಬಾಗಿಲಲ್ಲಿ ಅಣ್ಣ.

ತಂಗಿಯನ್ನು ನೋಡಿದ. ಮಡಚಿದ ತೋಳನ್ನು ನೋಡಿದ. ಹುಡುಗ ತಲೆ ತಗ್ಗಿಸಿ ಪಕ್ಕದಿಂದ ನುಸುಳಿ ಹೋದ.

ಅವಳಿಗೆ ಮಾತ್ರ ಸಂಭ್ರಮ. ಅರವತ್ಮೂರು ಹೆಸರಿನ ಪಟ್ಟಿ ತೆಗೆದಳು. ಆಸ್ಪತ್ರೆಯ ವಾರ್ಡಿನಲ್ಲಿ ಕಲಿತ ಪದ್ಧತಿ: ಔಷಧಿ ಕೊಟ್ಟಾಯಿತು ಎಂದರೆ ಹೆಸರಿನ ಮುಂದೆ ಒಂದು ಕೆಂಪು ಗೀಟು. ಅವನ ಹೆಸರಿನ ಮುಂದೆ ಎಳೆದಳು. ಇದನ್ನು ನೋಡಿ ಉಳಿದವರಿಗೂ ಧೈರ್ಯ ಬರಲಿ ಎಂದು ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಚುಚ್ಚಿ ಬಂದಳು. ಹೆಸರುಗಳನ್ನು ಹಾಗೆ ಊರಿಗೆಲ್ಲ ತೋರಿಸಬಾರದೆಂದು ಆ ಖುಷಿಯಲ್ಲಿ ಅವಳಿಗೆ ಹೊಳೆಯಲೇ ಇಲ್ಲ.

ಇನ್ನೊಂದೂ ಹೊಳೆಯಲಿಲ್ಲ. ಡಿಪೋದಲ್ಲಿ ಕೆಂಪು ಗೀಟಿಗೆ ಒಂದೇ ಅರ್ಥ. ಸೀಮೆಸುಣ್ಣ ಫೋರ್‌ಮನ್ ಯಾವ ಗಾಜಿನ ಮೇಲೆ ಅದನ್ನು ಎಳೆಯುತ್ತಾನೋ ಆ ಗಾಡಿಯಲ್ಲಿ ದೋಷವಿದೆ, ಅದು ರಸ್ತೆಗೆ ಹೋಗಕೂಡದು. ನಲವತ್ತೆರಡರ ಗಾಜಿನ ಮೇಲೂ ಅದೇ ಗೀಟಿತ್ತು. ಅವಳು ದಿನಾ ನೋಡುತ್ತಿದ್ದಳು, ಏನೆಂದು ಕೇಳಿರಲಿಲ್ಲ.

ಆ ಸಂಜೆಯೇ ಶೆಡ್ಡು ಪಟ್ಟಿಯನ್ನು ತನ್ನ ಭಾಷೆಯಲ್ಲಿ ಓದಿಕೊಂಡಿತು. ಅರವತ್ಮೂರರಲ್ಲಿ ದೋಷ ಇರುವುದು ಒಬ್ಬನಿಗೆ!

ಮರುದಿನದಿಂದ ಅವನ ಹೆಸರು ಬ್ರೇಕ್ ಅಲ್ಲ, ಬ್ರೇಕ್ ಫೇಲ್.

*

ಅವಳಿಗೆ ಇದನ್ನು ಹೇಳುವವರು ಯಾರು? ಫೋರ್‌ಮನ್‌ನ ತಂಗಿಯ ಮುಂದೆ ಆ ವಿಷಯ ಎತ್ತುವ ಗಂಡಸು ಡಿಪೋದಲ್ಲಿ ಹುಟ್ಟಿರಲಿಲ್ಲ. ಅಣ್ಣನೂ ಹೇಳಲಿಲ್ಲ. ತಂಗಿಯ ಹತ್ತಿರ ಆಡುವ ಮಾತೇ ಅದು?

ಅವಳ ಲೋಕ ಅಷ್ಟೇ ಇತ್ತು. ಡಿಪೋದ ಕಾಂಪೌಂಡಿನೊಳಗೇ ಮನೆ, ಮನೆಯಿಂದ ನೂರು ಹೆಜ್ಜೆಗೆ ಆ ಕತ್ತಲೆ ಕೋಣೆ. ಹೊರಗೆ ಹೋಗಬೇಕೆಂದರೆ ಒಂದೇ ಗೇಟು, ಗೇಟಿನಲ್ಲಿ ಅಣ್ಣನ ಕಣ್ಣು. ಅವನನ್ನು ದೂರುವಂತೆಯೂ ಇರಲಿಲ್ಲ. ಅಪ್ಪ ಅಮ್ಮ ಹೋದಾಗ ಅವಳಿಗೆ ಒಂಬತ್ತು. ಜಡೆ ಹೆಣೆಯಲು ಬಾರದ ಅಣ್ಣ ವೈರು ಹೊಸೆದ ಹಾಗೆ ಕೂದಲು ಹೊಸೆದು ಶಾಲೆಗೆ ಕಳಿಸಿದ್ದ. ನರ್ಸಿಂಗ್ ಓದುವಾಗ ದಿನಾ ಬೆಳಿಗ್ಗೆ ಮೊದಲ ಬಸ್ಸಿನಲ್ಲಿ ಜೊತೆಗೆ ಬಂದು, ಕಾಲೇಜಿನ ಗೇಟು ಮುಚ್ಚುವವರೆಗೆ ನಿಂತು ಹೋಗುತ್ತಿದ್ದ. ಅವನ ಪ್ರೀತಿ ಎಂದರೆ ಗಾಡಿಯನ್ನು ಶೆಡ್ಡಿನಲ್ಲೇ ಇಟ್ಟು ಕಾಯುವುದು. ಕೀಲಿ ಹಾಕಿದವನ ಮೇಲೆ ಸಿಟ್ಟಾದರೂ ಬರಬೇಕಲ್ಲ... ಅವಳಿಗೆ ಅದೂ ಬರುತ್ತಿರಲಿಲ್ಲ.

ಬಂದದ್ದು ಒಂದು ದನಿ. ಕಿಟಕಿ ಮತ್ತು ಬಸ್ಸಿನ ನಡುವಿನ ಆ ಗೇಣು ಜಾಗದಿಂದ.

ಊಟದ ಬಿಡುವಿನಲ್ಲಿ ಅವನು ನಲವತ್ತೆರಡರ ಹಿಂದಿನ ಚಕ್ರದ ಹತ್ತಿರ ಕೂತು ಏನಾದರೂ ಬಿಚ್ಚುತ್ತಿದ್ದ. ಡ್ರಮ್ಮು ಬಂದಿರಲಿಲ್ಲವಲ್ಲ ಎಂದು ನೀವು ಕೇಳಬಹುದು. ಅವಳೂ ಕೇಳಿದಳು. ಬಂದಾಗ ಕೆಲಸ ಬೇಗ ಆಗಲಿ ಅಂತ ಈಗಲೇ ಬೋಲ್ಟು ಸಡಿಲಿಸುತ್ತಿದ್ದೇನೆ ಎಂದ. ಎರಡು ತಿಂಗಳು ಸಡಿಲಿಸಿದ.

ಅವನ ಅಮ್ಮ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಾರೆ ಎಂದು ಅವಳಿಗೆ ಗೊತ್ತಾಯಿತು. ಅವಳಿಗೆ ಸಮುದ್ರ ನೋಡುವ ಆಸೆ ಇದೆ, ಗೇಟು ದಾಟಿ ನೋಡಿದ್ದೇ ಕಡಿಮೆ ಎಂದು ಅವನಿಗೆ ಗೊತ್ತಾಯಿತು. ಅವನು ಒಬ್ಬನೇ ಊಟ ಮಾಡುತ್ತಿದ್ದುದು ಅವಳ ಗಮನಕ್ಕೆ ಬಂದಿತ್ತು. ಅವನ ಲೋಟದಲ್ಲಿ ಈಗ ಯಾರೂ ನೀರು ಕುಡಿಯುವುದಿಲ್ಲ ಎನ್ನುವುದು ಮಾತ್ರ ಗೊತ್ತಾಗಲಿಲ್ಲ. ಅವನು ಹೇಳಲಿಲ್ಲ. ಹೇಳಿದರೆ ಅವಳು ಪಟ್ಟಿ ಹರಿದು ಹಾಕಿ ಅಳುತ್ತಾಳೆ ಎಂದು ಅವನಿಗೆ ಅನ್ನಿಸಿತ್ತು. ಗೆಳೆಯರಿಗೆ ಅವನೇ ಬಿಡಿಸಿ ಹೇಳಿದ್ದ, ಅದು ಸೂಜಿಯ ಗುರುತು ಕಣ್ರೋ ಎಂದು. ಏನೂ ಇಲ್ಲದಿದ್ದರೆ ಸೂಜಿ ಯಾಕೆ ಬೇಕಾಯಿತು ಎಂದು ಬ್ಯಾಟರಿ ಕೇಳಿದ್ದ. ಆ ಪ್ರಶ್ನೆಯೊಳಗೆ ಸಿಕ್ಕಿಕೊಂಡವನಿಗೆ ಬಾಗಿಲೇ ಇಲ್ಲ.

ಎರಡನೇ ಡೋಸಿನ ದಿನ ಅವನೇ ಬಂದ, ಯಾರೂ ತಳ್ಳದೆ. ಕೈ ತೊಳೆದು, ತಲೆ ಬಾಚಿ.

"ಎಲ್ಲರೂ ನನ್ನ ಸಿಸ್ಟರ್ ಅಂತಾರೆ," ಎಂದಳು, ಹತ್ತಿ ಒತ್ತುತ್ತ. "ನೀವು ಒಂದು ಸಲನೂ ಅಂದಿಲ್ಲ."

"ಮೂರನೇ ಡೋಸಿಗೆ ಹೇಳ್ತೀನಿ ಯಾಕೆ ಅಂತ."

ಅವಳ ಕಿವಿ ಬಿಸಿಯಾಯಿತು. ಬೋರ್ಡಿನ ಪಟ್ಟಿಯಲ್ಲಿ ಎರಡನೇ ಕೆಂಪು ಗೀಟು ಸ್ವಲ್ಪ ಸೊಟ್ಟಗಾಯಿತು.

*

ಮನೆಯಲ್ಲಿ ಅವಳಿಗಿದ್ದ ಒಂದೇ ಗೆಳತಿ ಅತ್ತಿಗೆ. ಜಡೆ ಸರಿಯಾಗಿ ಹೆಣೆಯಲು ಕಲಿಸಿದ್ದು, ಮೊದಲ ಸಂಬಳದ ದಿನ ತಬ್ಬಿಕೊಂಡದ್ದು ಅವರೇ.

ಅತ್ತಿಗೆ ಒಂದು ದಿನ ಬಾಗಿಲು ಹಾಕಿಕೊಂಡು, ತಿಂಗಳ ನಡುವೆಯೂ ರಕ್ತ ಕಾಣಿಸುತ್ತಿದೆ ಎಂದರು. ಬಟ್ಟೆ ತರುವ ನೆಪದಲ್ಲಿ ಅವಳು ಅವರನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಎರಡು ವಾರಕ್ಕೆ ಫಲಿತಾಂಶ ಬಂತು. ಅದೇ ವೈರಸ್ಸು. ಗರ್ಭಕೊರಳಿನಲ್ಲಿ ಬದಲಾವಣೆ ಶುರುವಾಗಿದೆ, ಕ್ಯಾನ್ಸರ್ ಆಗಿಲ್ಲ, ಆಗುವುದಕ್ಕೆ ಮುಂಚಿನ ಹಂತ. ಚಿಕ್ಕ ಚಿಕಿತ್ಸೆ ಮಾಡಿದರೆ ಹೋಗುತ್ತದೆ, ತಡ ಮಾಡಬಾರದು.

ಅತ್ತಿಗೆ ಅವಳ ಕೈ ಹಿಡಿದುಕೊಂಡು ಮಾತು ತೆಗೆದುಕೊಂಡರು. "ನಿಮ್ಮಣ್ಣನಿಗೆ ಗೊತ್ತಾಗಬಾರದು. ಆ ಹುಡುಗನ ಬಗ್ಗೆ ಇವರು ಆಡೋ ಮಾತು ಕೇಳಿದ್ದೀನಿ. ನನ್ನ ಮೇಲೂ ಕೆಂಪು ಎಳೀತಾರೆ."

ಯಾವ ಹುಡುಗ, ಯಾವ ಕೆಂಪು ಎಂದು ಅವಳಿಗೆ ಆಗ ಅರ್ಥವಾಗಲಿಲ್ಲ. ಅತ್ತಿಗೆ ಅಳುತ್ತಿದ್ದರು. ಅವಳು ಮಾತು ಕೊಟ್ಟಳು. ಚಿಕಿತ್ಸೆಗೆ ದಿನ ಗೊತ್ತಾಯಿತು. ಅತ್ತಿಗೆ ಹೆದರಿ ಮುಂದೆ ಹಾಕಿದರು.

ಅದೇ ವಾರ ಹುಡುಗನ ಅಮ್ಮ ಬಂದರು, ಹೆಣ್ಣು ಕೇಳಲು. ಅಮ್ಮನನ್ನು ಕಳಿಸಲಾ ಎಂದು ಅವನು ಕೇಳಿ, ಅವಳು ಕಿಟಕಿಯಲ್ಲೇ ಹೂಂ ಎಂದಾಗಿತ್ತು. ಬಗ್ಗಿದ ಬೆನ್ನಿನ, ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಗುರುತುಗಳಿದ್ದ ಆ ಹೆಂಗಸು ಕುರ್ಚಿಯ ಅಂಚಿನಲ್ಲಿ ಕೂತು, ತನ್ನ ಮಗ ದುಡಿಯುವವನು, ಚಟವಿಲ್ಲದವನು ಎಂದು ಹೇಳಿ ಮುಗಿಸಿದರು. ಅಡುಗೆಮನೆಯ ಬಾಗಿಲ ಹಿಂದೆ ಅವಳು ಕಿವಿಯಿಟ್ಟು ನಿಂತಿದ್ದಳು. ಪಕ್ಕದಲ್ಲಿ ಟೀ ತಟ್ಟೆ ಹಿಡಿದು ಅತ್ತಿಗೆ.

ಅಣ್ಣ ಮರ್ಯಾದೆಯಿಂದಲೇ ಮಾತಾಡಿದ. "ನಿಮ್ಮ ಮಗನ ಹೆಸರಿಗೆ ಕೆಂಪು ಗೀಟು ಬಿದ್ದಿದೆ ಅಮ್ಮ. ಒಂದಲ್ಲ, ಎರಡು. ಇಡೀ ಡಿಪೋ ನೋಡಿದೆ. ಕೆಂಪು ಬಿದ್ದ ಗಾಡಿನ ನಾನು ರಸ್ತೆಗೇ ಬಿಡಲ್ಲ. ಅದರಲ್ಲಿ ನನ್ನ ತಂಗಿನ ಕೂರಿಸಲಾ?"

ಅವಳಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ಎಲ್ಲ ತಿಳಿಯಿತು. ನಲವತ್ತೆರಡರ ಗಾಜು. ಬೋರ್ಡಿನ ಮೇಲಿನ ಪಟ್ಟಿ. ಒಬ್ಬನೇ ಕೂತು ಉಣ್ಣುವ ಅವನು.

ನಾನೇ ಎಳೆದದ್ದು... ನನ್ನ ಕೈಯಾರೆ ನಾನೇ.

ಹೊರಗೆ ಬಂದಳು. ಆ ಗೀಟು ತಾನು ಎಳೆದದ್ದು, ಲಸಿಕೆ ಹಾಕಿದ್ದಕ್ಕೆ ಗುರುತು ಅಷ್ಟೇ, ಅವನಲ್ಲಿ ಯಾವ ದೋಷವೂ ಇಲ್ಲ ಎಂದು ಹೇಳಿದಳು.

"ಆ ಸೂಜಿ ಯಾಕೆ ಬೇಕಾಯ್ತು ಅವನಿಗೆ?" ಎಂದ ಅಣ್ಣ. "ಮರ್ಯಾದಸ್ಥರಿಗೆ ಬರೋ ಕಾಯಿಲೆನಾ ಅದು? ನರ್ಸ್ ತಾನೇ ನೀನು. ಸಭ್ಯರ ಮನೇಲಿ ಅದು ಬಂದಿದ್ದು ನೋಡಿದ್ದೀಯಾ? ಒಂದು ಮನೆ ಹೇಳು."

ಬಾಗಿಲ ಹಿಂದೆ ಟೀ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು.

ಒಂದು ಮನೆ ಅವಳಿಗೆ ಗೊತ್ತಿತ್ತು. ಅವಳು ನಿಂತಿದ್ದೇ ಆ ಮನೆಯ ನೆಲದ ಮೇಲೆ. ಒಂದು ಮಾತು ಆಡಿದರೆ ಅವಳ ಹುಡುಗ ಅವಳಿಗೆ ಸಿಗುತ್ತಿದ್ದ, ಅತ್ತಿಗೆ ಬೀದಿಗೆ ಬೀಳುತ್ತಿದ್ದರು. ಅತ್ತ ದರಿ, ಇತ್ತ ಪುಲಿ. ಬಿಸಿ ತುಪ್ಪವನ್ನು ಬಾಯಲ್ಲಿಟ್ಟುಕೊಂಡವಳ ಹಾಗೆ ನಿಂತಳು, ನುಂಗಲೂ ಆಗದೆ, ಉಗುಳಲೂ ಆಗದೆ.

"ನೋಡಿದಿರಾ? ಅವಳ ಹತ್ತಿರಾನೇ ಉತ್ತರ ಇಲ್ಲ," ಎಂದ ಅಣ್ಣ.

ಹುಡುಗನ ಅಮ್ಮ ಅವಳನ್ನೇ ನೋಡುತ್ತಿದ್ದರು. ಟೀ ಬರುವ ಮುಂಚೆಯೇ ಎದ್ದು ಹೋದರು.

ಅವಳು ಓಡಿಹೋಗಿ ಬೋರ್ಡಿನ ಪಟ್ಟಿಯನ್ನು ಹರಿದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

*

ಮರುದಿನ ಕಿಟಕಿಯ ಹತ್ತಿರ ಅವನು ಬಂದ. ಕೈಯಲ್ಲಿ ಸ್ಪ್ಯಾನರ್ ಇರಲಿಲ್ಲ. ಗೀಟಿನ ವಿಷಯಕ್ಕೆ ಕ್ಷಮೆ ಕೇಳಲು ಅವಳು ಬಾಯಿ ತೆರೆದಳು. ಅದು ಹೋಗಲಿ ಎಂದ, ಅದು ಮೊದಲ ದಿನದಿಂದಲೇ ಗೊತ್ತಿತ್ತಂತೆ.

"ಅಮ್ಮ ಹೇಳಿದ್ರು, ಅಣ್ಣ ಕೇಳಿದ್ದಕ್ಕೆ ನೀವು ಸುಮ್ಮನೆ ನಿಂತಿದ್ರಿ ಅಂತ. ಉತ್ತರ ಇರಲಿಲ್ವಾ?"

"ಇತ್ತು."

"ಮತ್ತೆ?"

"ಹೇಳೋ ಹಾಗಿಲ್ಲ."

"ನನಗೂ?"

"ನಿಮಗೂ."

ಅವನು ಬಸ್ಸಿನ ತಗಡಿನ ಮೇಲೆ ಕೈಯಿಟ್ಟ. "ಶೆಡ್ಡಲ್ಲಿ ಅರವತ್ತೆರಡು ಜನ ಅನುಮಾನ ಪಟ್ರು, ನನಗೇನೂ ಅನ್ನಿಸಲಿಲ್ಲ ರೀ," ಎಂದ. "ನೀವೂ ಪಡ್ತೀರಿ ಅಂದ್ಕೊಂಡಿರಲಿಲ್ಲ."

ಇಲ್ಲ, ಹಾಗಲ್ಲ ಎಂದು ಅವಳು ಹೇಳುವಷ್ಟರಲ್ಲಿ ಆ ಗೇಣು ಜಾಗದಾಚೆ ಯಾರೂ ಇರಲಿಲ್ಲ. ಕೆಟ್ಟು ನಿಂತ ಬಸ್ಸುಗಳನ್ನು ಎಳೆದು ತರುವ ವ್ಯಾನಿನ ಕೆಲಸ ಕೇಳಿ ಹಾಕಿಸಿಕೊಂಡನಂತೆ. ಬೆಳಿಗ್ಗೆ ಹೊರಗೆ ಹೋದರೆ ಸಂಜೆ.

ಒಂದೂವರೆ ತಿಂಗಳು ಅವಳು ಆ ಕತ್ತಲೆ ಕೋಣೆಯಲ್ಲಿ ಗಾಯಗಳಿಗೆ ಬ್ಯಾಂಡೇಜು ಕಟ್ಟಿದಳು, ಜ್ವರ ನೋಡಿದಳು. ಲಸಿಕೆಯ ಪೆಟ್ಟಿಗೆ ತಣ್ಣಗೆ ಫ್ರಿಜ್ಜಿನಲ್ಲಿತ್ತು. ಕಿಟಕಿಯಾಚೆ ಬೋಲ್ಟು ಸಡಿಲಿಸುವ ಸದ್ದಿಲ್ಲ. ಮನೆಗೆ ಹೋದರೆ ಅಣ್ಣ, ಕೋಣೆಗೆ ಬಂದರೆ ಬಸ್ಸು. ಮಧ್ಯೆ ನೂರು ಹೆಜ್ಜೆ. ಅತ್ತಿಗೆಯನ್ನು ಮಾತ್ರ ದಿನಾ ಕಾಡುತ್ತಿದ್ದಳು, ಚಿಕಿತ್ಸೆಗೆ ನಡೆಯಿರಿ ಎಂದು. ನನ್ನ ಬಾಯಿ ಮುಚ್ಚಿಸಿ, ಆದರೆ ನೀವು ಸಾಯಬೇಡಿ ಎಂದು ಒಮ್ಮೆ ಅತ್ತುಬಿಟ್ಟಳು. ಆ ಮಾತು ಅತ್ತಿಗೆಯ ಎದೆಗೆ ನಾಟಿತು.

ಒಂದು ರಜೆಯ ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದರು. ಅಣ್ಣ ಹೊಸ ಸಂಬಂಧದ ಸುದ್ದಿ ತಂದಿದ್ದ. ಆಫೀಸಿನಲ್ಲಿ ಗುಮಾಸ್ತ, ಒಳ್ಳೆಯ ಮನೆತನ. ಯಾವ ಗೀಟೂ ಇಲ್ಲದ ಹುಡುಗ ಎಂದು ನಕ್ಕ.

ಅತ್ತಿಗೆ ಸೌಟನ್ನು ಪಾತ್ರೆಯೊಳಗೆ ಇಟ್ಟರು.

"ಆವತ್ತು ಒಂದು ಮನೆ ಹೇಳು ಅಂದ್ರಲ್ಲ," ಎಂದರು. "ಈ ಮನೆ."

ಅಣ್ಣನ ಕೈ ತುತ್ತಿನ ಸಮೇತ ನಿಂತಿತು.

ಅತ್ತಿಗೆ ನಿಲ್ಲಿಸಲಿಲ್ಲ. ರಕ್ತ ಕಂಡದ್ದು, ಆಸ್ಪತ್ರೆ, ಫಲಿತಾಂಶ, ಎಲ್ಲ ಹೇಳಿದರು. ದನಿ ಏರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಹೇಳಿದರು.

"ನಮ್ಮ ಮದುವೆ ಆಗಿ ಹದಿನಾಲ್ಕು ವರ್ಷ. ನೀವು ಬಿಟ್ರೆ ನನಗೆ ಇನ್ನೊಬ್ಬರು ಇಲ್ಲ, ಇರಲೂ ಇಲ್ಲ. ಈಗ ಹೇಳಿ. ಕೆಂಪು ಗೀಟು ಯಾರ ಹಣೆ ಮೇಲೆ ಎಳೀತೀರಿ?"

ಅಣ್ಣ ತುತ್ತನ್ನು ತಟ್ಟೆಗೆ ಇಳಿಸಿದ.

"ಇವಳಿಗೆ ಎಲ್ಲ ಗೊತ್ತಿತ್ತು," ಎಂದು ನಾದಿನಿಯ ಕಡೆ ಕೈ ತೋರಿಸಿದರು. "ಒಂದು ಮಾತು ಅಂದಿದ್ರೆ ಇವಳ ಮದುವೆ ಆಗ್ತಿತ್ತು. ನನಗೋಸ್ಕರ ಬಾಯಿ ಮುಚ್ಕೊಂಡು ಕೂತಳು."

ಅಣ್ಣ ತಂಗಿಯ ಮುಖ ನೋಡಿದ. ಅಪ್ಪ ಅಮ್ಮ ಹೋದ ಮೇಲಿನ ಹದಿನಾರು ವರ್ಷದಲ್ಲಿ ಅವನ ಕಣ್ಣಲ್ಲಿ ಅವಳು ಭಯ ಕಂಡಿದ್ದು ಅದೇ ಮೊದಲು. "ನನ್ನಿಂದಾನಾ?" ಎಂದು ಕೇಳಿದ. ಅವಳು ನರ್ಸ್ ಆಗಿ ಉತ್ತರಿಸಿದಳು. ಗೊತ್ತಾಗುವುದಿಲ್ಲ ಅಣ್ಣ. ಮದುವೆಗೆ ಮುಂಚೆ ಯಾವಾಗಲೋ ಮೈಗೆ ಬಂದದ್ದು, ಸದ್ದಿಲ್ಲದೆ ಕೂತಿದ್ದದ್ದು, ಇರಬಹುದು. ಯಾರನ್ನೂ ಕಟಕಟೆಗೆ ಹತ್ತಿಸುವ ಕಾಯಿಲೆ ಅಲ್ಲ ಇದು. ಈಗಲೇ ಹೋದರೆ ಅತ್ತಿಗೆ ಗುಣವಾಗುತ್ತಾರೆ.

ಅವನು ಕೈ ತೊಳೆಯಲು ಎದ್ದ. ನಲ್ಲಿ ತಿರುಗಿಸಿದವನು ಬಹಳ ಹೊತ್ತು ಹಾಗೇ ನಿಂತಿದ್ದ, ನೀರು ಹರಿದು ಹೋಗುತ್ತಿತ್ತು. ಇಪ್ಪತ್ತೆರಡರ ವಯಸ್ಸಿನ ಯಾವುದೋ ಒಂದು ದಿನ ಅವನಿಗೆ ನೆನಪಾಗಿತ್ತೋ ಏನೋ, ಅದು ಅವನಿಗೇ ಗೊತ್ತು. ವಾಪಸ್ಸು ಬಂದು ಹೆಂಡತಿಯ ಮುಂದೆ ನೆಲದ ಮೇಲೇ ಕೂತ.

"ಆಸ್ಪತ್ರೆಗೆ ನಾನು ಬರ್ತೀನಿ," ಎಂದ. ಅತ್ತಿಗೆ ಆಗ ಅತ್ತರು.

*

ಚಿಕಿತ್ಸೆ ಅರ್ಧ ಗಂಟೆಯದ್ದು. ಅಣ್ಣ ಹೊರಗಿನ ಬೆಂಚಿನಲ್ಲಿ ಜೇಬಿನ ಸೀಮೆಸುಣ್ಣವನ್ನು ಬೆರಳಿನಿಂದ ಪುಡಿ ಮಾಡುತ್ತ ಕೂತಿದ್ದ. ಅಂಗಿಯೆಲ್ಲ ಕೆಂಪಾಗಿತ್ತು. ಗುಣವಾಗುತ್ತದೆ, ವರ್ಷಕ್ಕೊಮ್ಮೆ ಬಂದು ತೋರಿಸಿಕೊಳ್ಳಿ ಎಂದರು ಡಾಕ್ಟರು.

ನಾಲ್ಕು ದಿನ ಬಿಟ್ಟು ಅತ್ತಿಗೆ ಯಾರನ್ನೂ ಕೇಳದೆ ಒಂದು ಕಡೆ ಹೋಗಿ ಬಂದರು. ಎಲ್ಲಿಗೆ ಎಂದರೆ ರವಿಕೆ ಹೊಲಿಯಲು ಕೊಡುವುದಿತ್ತು ಎಂದರು.

ಮೂರನೇ ಡೋಸಿನ ದಿನ ಬಂತು. ಅವಳು ಬೆಳಿಗ್ಗೆಯಿಂದ ಬಾಗಿಲು ನೋಡುತ್ತಿದ್ದಳು. ಅವನು ಬರುವುದಿಲ್ಲ. ಯಾಕಾದರೂ ಬರುತ್ತಾನೆ? ಬೇರೆ ಆಸ್ಪತ್ರೆಯಲ್ಲಿ ಹಾಕಿಸಿಕೊಂಡರೂ ಸಾಕು, ತಪ್ಪಿಸದಿದ್ದರೆ ಸಾಕು ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡ ಮೇಲೂ ಬಾಗಿಲು ನೋಡಿದಳು.

ಹನ್ನೊಂದರ ಹೊತ್ತಿಗೆ ಕಿಟಕಿಯ ಹೊರಗೆ ಗುರ್ ಎಂದು ಸದ್ದು. ನೆಲ ನಡುಗಿತು, ಔಷಧಿಯ ಸೀಸೆಗಳು ಕಿಣಿಕಿಣಿ ಎಂದವು. ಆರು ತಿಂಗಳಿಂದ ಅಲುಗದ ನಲವತ್ತೆರಡು ಕೊನೆಗೂ ಹೊಸ ಡ್ರಮ್ಮು ತೊಟ್ಟು, ಕೆಮ್ಮುತ್ತ, ಹೊಗೆ ಬಿಡುತ್ತ, ಮೆಲ್ಲನೆ ಮುಂದಕ್ಕೆ ಸರಿಯಿತು. ಮೇಜಿನ ಮೇಲೆ, ಬೆಂಚಿನ ಮೇಲೆ, ಅವಳ ಕೈಗಳ ಮೇಲೆ ಬಿಸಿಲು ಬಿತ್ತು.

ಕಣ್ಣು ಕಿರಿದು ಮಾಡಿ ನೋಡಿದಳು. ಅಂಗಳದಲ್ಲಿ ಬಸ್ಸು ನಿಂತಿತ್ತು. ಅಣ್ಣ ಒದ್ದೆ ಬಟ್ಟೆ ಹಿಡಿದು, ಇಡೀ ಶೆಡ್ಡು ನೋಡುತ್ತಿರುವಾಗ, ಗಾಜಿನ ಮೇಲಿನ ಕೆಂಪು ಗೀಟನ್ನು ತಾನೇ ಒರೆಸು‌ತ್ತಿದ್ದ. ಡ್ರೈವರ್ ಸೀಟಿನಿಂದ ಇಳಿದವನ ಬೆನ್ನು ಅವಳಿಗೆ ಚೆನ್ನಾಗಿ ಗೊತ್ತಿದ್ದ ಬೆನ್ನು.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಅಣ್ಣ ಅವನ ಭುಜ ಹಿಡಿದು ಒಳಗೆ ತಳ್ಳಿದ. ಬಂದು ನಿಂತಿದ್ದು ಅದೇ ತೂಕದ ಯಂತ್ರದ ಮೇಲೆ.

"ಇವನದೊಂದು ಸೂಜಿ ಬಾಕಿ ಇದೆಯಂತೆ," ಎಂದ ಅಣ್ಣ, ತಂಗಿಯ ಮುಖ ನೋಡದೆ. "ಮುಗಿಸಮ್ಮ."

ಟಪ್ ಎಂದು ಹೊರಗಿನಿಂದ ಚಿಲಕ ಬಿತ್ತು.

ಬಾಗಿಲಾಚೆ ಅಣ್ಣನ ದನಿ ಕೇಳುತ್ತಿತ್ತು. ತೋಳು ಮಡಚಿ ಸಾಲಲ್ಲಿ ನಿಲ್ಲು ಎಂದು ಬ್ಯಾಟರಿಗೆ ಹೇಳುತ್ತಿದ್ದ. ನನಗೇನೂ ಆಗಿಲ್ಲವಲ್ಲ ಸಾರ್ ಎಂದು ಬ್ಯಾಟರಿ. "ಬ್ರೇಕ್ ಲೈನರ್ ಗಾಡಿ ಗುದ್ದಿದ ಮೇಲೆ ಹಾಕ್ತೀಯೇನೋ? ಒತ್ತಾಯ ಇಲ್ಲ. ಬೇಡ ಅನ್ನೋನು ಬಂದು ನನ್ನ ಹತ್ತಿರ ಕಾರಣ ಹೇಳಿ ಹೋಗಲಿ," ಎಂದ ಅಣ್ಣ. ಸಾಲಿನಲ್ಲಿ ಬೂಟುಗಳು ಸರಿದ ಸದ್ದಾಯಿತು. ಒಬ್ಬಿಬ್ಬರು ತೋಳು ಮಡಚಿದರು ಎಂದು ಕಾಣುತ್ತದೆ.

ಒಳಗೆ ಇಬ್ಬರೇ.

"ಅಮ್ಮನ ಹತ್ತಿರ ನಿಮ್ಮ ಅತ್ತಿಗೆ ಬಂದಿದ್ರು," ಎಂದ ಅವನು. ಯಂತ್ರದಿಂದ ಇನ್ನೂ ಇಳಿದಿರಲಿಲ್ಲ. "ಎಲ್ಲ ಹೇಳಿದ್ರಂತೆ. ನಾನು ಆವತ್ತು ಕಿಟಕಿ ಹತ್ತಿರ ಅಂದಿದ್ದು..."

"ಬಿಡಿ."

"ಬಿಡೋದು ಹೇಗೆ? ಬೇರೆಯವರ ಗುಟ್ಟಿಗೋಸ್ಕರ ನನ್ನನ್ನೇ ಬಿಟ್ಟುಕೊಟ್ರಿ. ನಾನು ಅದನ್ನ ಅನುಮಾನ ಅಂದ್ಕೊಂಡೆ. ಇಂಥ ದಡ್ಡನ್ನ ಇನ್ನೂ ಒಪ್ಕೊತೀರಾ?"

ಅವಳು ತೂಕದ ಮುಳ್ಳು ನೋಡಿದಳು. ಅರವತ್ತಾರು. ಮೊದಲ ದಿನಕ್ಕಿಂತ ಐದು ಕಿಲೋ ಕಡಿಮೆ.

"ಮೊದಲು ಅದರ ಮೇಲಿಂದ ಇಳೀರಿ," ಎಂದಳು.

ಇಳಿದ. ಬೆಂಚಿನ ಮೇಲೆ ಕೂತು ತೋಳು ಮಡಚಿದ. ಈ ಸಲ ಕಣ್ಣು ಮುಚ್ಚಲಿಲ್ಲ, ಅವಳನ್ನೇ ನೋಡುತ್ತ ಕೂತ. ಸೂಜಿ ಹೋಗಿದ್ದೂ ಬಂದಿದ್ದೂ ಅವನಿಗೆ ಗೊತ್ತಾಗಲಿಲ್ಲ. ಅವಳು ತನ್ನ ಮೇಜಿನ ಒಳಗಿದ್ದ, ಬೇರೆ ಯಾರಿಗೂ ತೋರಿಸದ ಪುಸ್ತಕ ತೆಗೆದಳು. ಹಸಿರು ಪೆನ್ನು ಕೈಗೆತ್ತಿಕೊಂಡಳು.

"ಕೆಂಪಲ್ಲೇ ಎಳೀರಿ," ಎಂದ ಅವನು. "ಅದು ನನಗೆ ಅದೃಷ್ಟದ ಗೀಟು."

ಎಳೆದಳು. ಮೂರನೆಯದು ಕಣ್ಣೀರಿನಲ್ಲಿ ಸ್ವಲ್ಪ ಹರಡಿತು.

"ಮೂರನೇ ಡೋಸಿಗೆ ಒಂದು ಮಾತು ಹೇಳ್ತೀನಿ ಅಂದಿದ್ರಿ."

"ಸಿಸ್ಟರ್ ಅಂತ ಒಂದು ಸಲ ಕರೆದುಬಿಟ್ರೆ ಆಮೇಲೆ ವಾಪಸ್ ತಗೊಳ್ಳೋಕೆ ಆಗಲ್ವಲ್ಲ ರೀ. ಅದಕ್ಕೇ ಕರೀಲಿಲ್ಲ. ಚಿಲಕ ಬಿದ್ದ ದಿನದಿಂದಾನೇ."

ಬಾಗಿಲ ಮೇಲೆ ಬೆರಳಿನ ಸದ್ದು. "ಆಯ್ತೇನಮ್ಮ? ತೆಗೀಲಾ?" ಎಂದ ಅಣ್ಣ.

"ಇನ್ನೂ ಹದಿನೈದು ನಿಮಿಷ ಕೂರಬೇಕು ಅಣ್ಣ," ಎಂದಳು ಅವಳು. "ನಿಯಮ."

ಹೊರಗೆ ಅಣ್ಣ ಕೆಮ್ಮಿದ. ಅದು ಕೆಮ್ಮಲ್ಲ, ನಗು ಎಂದು ತಂಗಿಗೆ ಗೊತ್ತು.

ಅವಳು ಬೆಂಚಿನ ಮೇಲೆ, ಅವನ ಪಕ್ಕದಲ್ಲಿ ಬಂದು ಕೂತಳು. ಬಿಸಿಲು ಇಬ್ಬರ ಕಾಲ ಮೇಲೂ ಬಿದ್ದಿತ್ತು.

"ಮತ್ತೆ ಏನಂತ ಕರೀತೀರಿ ನನ್ನ?" ಎಂದು ಮೆಲ್ಲನೆ ಕೇಳಿದಳು.

ಅವನು ಸ್ವಲ್ಪ ಯೋಚಿಸಿದ. ಆಮೇಲೆ, ಎಷ್ಟೋ ವರ್ಷದಿಂದ ಜೊತೆಗೆ ಬಾಳಿದವನ ಹಾಗೆ, ತುಂಬ ಸಹಜವಾಗಿ ಕರೆದ.

"ಇವಳೇ..."

ಅವಳು ಅವನ ತೋಳಿನ ಮೇಲಿದ್ದ ಹತ್ತಿಯನ್ನು ಇನ್ನೊಮ್ಮೆ ಒತ್ತಿ ಹಿಡಿದಳು.

"ಏನೂಂದ್ರೆ?"